ನಿಮ್ಮ ಬೀಳ್ಕೊಡುಗೆಗೆ ನೀವೇ ಹಾಡು ಬರ್ಕೊಳ್ಳಿ

ಕಳೆದ ತಿಂಗಳು ನನ್ನ ಗಂಡ ಒಬ್ಬರಿಗೆ ವಾಟ್ಸಾಪ್ ಮೆಸೇಜು ಕಳಿಸಿದರು. ಇದರಲ್ಲಿ ಬರೆಯುವಂಥದ್ದೇನಿದೆ, ಎಲ್ಲರ ಗಂಡಂದಿರೂ ಕಳಿಸುತ್ತಾರೆ ಅನ್ನಬೇಡಿ. ಮೆಸೇಜು ಹೀಗಿತ್ತು: "ಅಂಕಲ್, ಮುಂದಿನ ಶುಕ್ರವಾರ ಫೇರ್‌ವೆಲ್ ಉಂಟು. ಹಾಡು ಬೇಕಿತ್ತು. ಮಂಗಳವಾರದೊಳಗೆ ಕೊಟ್ಟರೆ ಪ್ರಾಕ್ಟೀಸಿಗೆ ಅನುಕೂಲ."

ಆ ಕಡೆಯಿಂದ ಉತ್ತರ ಬಂತು: "ಯಾರು ಹೋಗುವುದು?"

ನನ್ನ ಗಂಡ ಟೈಪ್ ಮಾಡಿದರು: "ನೀವೇ ಅಲ್ವಾ ಅಂಕಲ್." ಪಕ್ಕದಲ್ಲಿ ಒಂದು ನಗುವ ಮುಖ, ಒಂದು ಜೋಡಿಸಿದ ಕೈ.

ನಾನು ಆಗ ಪಕ್ಕದಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದೆ. ಮೊಬೈಲು ಕಸಿದು ಎರಡೆರಡು ಸಲ ಓದಿದೆ. "ನಿಮಗೆ ತಲೆ ಸರಿ ಉಂಟಾ? ಅವರ ಫೇರ್‌ವೆಲ್‌ಗೆ ಅವರೇ ಹಾಡು ಬರೀಬೇಕಾ?" ಎಂದು ಕೇಳಿದೆ.

"ಅದರಲ್ಲಿ ಎಂತ ತಪ್ಪು?" ಅಂದರು ನಮ್ಮವರು. "ಅವರ ಬಗ್ಗೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೊಸ ಓದುಗರಿಗಾಗಿ ಹೇಳುತ್ತೇನೆ. ನಾವಿರುವುದು ಮಸ್ಕತ್ತಿನ ಅಲ್ ಖೌದ್‌ನಲ್ಲಿ. ನನ್ನ ಗಂಡ ಇಲ್ಲಿಯ ನಮ್ಮೂರಿನವರ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಈ ಸಂಘದ ಬಗ್ಗೆ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ. (ಅಧ್ಯಕ್ಷರ ಭಾಷಣ ಉದ್ದವಾಯಿತು ಎಂದು ಬರೆದದ್ದಕ್ಕೆ ಮುಂದಿನ ಸಭೆಯಲ್ಲಿ ಅವರು ನನ್ನನ್ನೇ ನೋಡಿಕೊಂಡು ಇನ್ನಷ್ಟು ಉದ್ದ ಮಾತಾಡಿದರು.)

ನಮ್ಮಲ್ಲಿ ಒಂದು ಪದ್ಧತಿ ಉಂಟು. ಯಾರಾದರೂ ವೀಸಾ ಕ್ಯಾನ್ಸಲ್ ಮಾಡಿಸಿ ಖಾಯಂ ಊರಿಗೆ ಹೊರಟರೆ ಅವರಿಗೊಂದು ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ಕೋಟೆಯ ಚಿತ್ರ ಕೊರೆದ ಗಾಜಿನ ಮೆಮೆಂಟೊ. ಇವೆಲ್ಲ ಎಲ್ಲರಿಗೂ ಒಂದೇ. ಮ್ಯಾನೇಜರಿಗೂ ಅದೇ ಕೋಟೆ, ಡ್ರೈವರಿಗೂ ಅದೇ ಕೋಟೆ. ಆದರೆ ಹಾಡು ಮಾತ್ರ ಅವರವರದ್ದು. ಅವರ ಹೆಸರಿಗೆ, ಅವರು ಇಲ್ಲಿ ಬದುಕಿದ ರೀತಿಗೆ ಅಳತೆ ತೆಗೆದು ಹೊಲಿದದ್ದು. ಎಲ್ಲರಿಗೂ ಗೊತ್ತಿರುವ ಯಾವುದಾದರೊಂದು ಧಾಟಿಯಲ್ಲಿ ಹೆಂಗಸರು ಸಾಲಾಗಿ ನಿಂತು ಹಾಡುತ್ತಾರೆ. ಒಂದೆರಡು ಸಲ ಶಾಲು ಮರೆತುಹೋಗಿತ್ತು, ನಡೆಯಿತು. ಹಾಡಿಲ್ಲದೆ ಮಾತ್ರ ಯಾರೂ ವಿಮಾನ ಹತ್ತಿದ್ದಿಲ್ಲ.

ಆ ಹಾಡುಗಳನ್ನೆಲ್ಲ ಬರೆದವರು ಸಿರಿಲ್ ಅಂಕಲ್. ಶಿರ್ವದ ಕಡೆಯವರು. ಮನೆಯಲ್ಲಿ ಮಾತಾಡುವುದು ಕೊಂಕಣಿ, ಬರೆಯುವುದು ಕನ್ನಡ, ಬೈಯುವುದು ತುಳು. ಹಮ್ರಿಯಾದ ಒಂದು ಹಳೇ ಕಟ್ಟಡದಲ್ಲಿ ಅವರೂ ಹೆಂಡತಿ ಗ್ರೇಸಿ ಆಂಟಿಯೂ ವಾಸ. ವಾಹನಗಳ ಸ್ಪೇರ್ ಪಾರ್ಟ್ಸ್ ಮಾರುವ ಕಂಪೆನಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುವ ಕೆಲಸ. ಮಕ್ಕಳಿಲ್ಲ. (ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಸಂಘದವರ ಹಾಗೆ ಮರೆಯಬೇಡಿ.)

ಪಾಪದ, ವಿನಯದ, ಮೂಲೆಯಲ್ಲಿ ಕೂರುವ ಕವಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ತಮ್ಮ ಹಾಡಿನ ಬಗ್ಗೆ ಬೇಕಾದಷ್ಟು ಜಂಭ ಇದ್ದ ಮನುಷ್ಯ. ಪ್ರಾಕ್ಟೀಸಿನಲ್ಲಿ ಯಾರಾದರೂ ಒಂದು ಶಬ್ದ ನುಂಗಿದರೆ ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು. ನನ್ನ ಅಂಕಣ ಓದಿ, "ನೀನು ಬ್ರಾಕೆಟ್ ಹಾಕುದು ಸ್ವಲ್ಪ ಕಡಿಮೆ ಮಾಡು ಶೋಭಾ" ಎಂದು ಎಲ್ಲರೆದುರು ಹೇಳಿದವರು. (ನಾನು ಕಡಿಮೆ ಮಾಡಿಲ್ಲ.)

ಅವರು ಹಾಡು ಬರೆಯುವ ಕ್ರಮವೇ ಬೇರೆ. ಹೊರಟವರ ಮನೆಗೆ ಒಂದು ದಿನ ಊಟಕ್ಕೆ ಹೋಗುತ್ತಿದ್ದರು. ಕರೆದರೂ ಸರಿ, ಕರೆಯದಿದ್ದರೂ ಸರಿ. ಹೋದವರು ಆ ಮನುಷ್ಯನನ್ನು ಏನೂ ಕೇಳುತ್ತಿರಲಿಲ್ಲ. "ತನ್ನ ಬಗ್ಗೆ ಕೇಳಿದ್ರೆ ಎಲ್ಲರೂ ಬಯೋಡೇಟಾ ಹೇಳ್ತಾರೆ" ಅನ್ನುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು ಕೂತು ಅವನ ಹೆಂಡತಿಯ ಹತ್ತಿರ ಮಾತು. ಆಮೇಲೆ ಪಕ್ಕದ ಫ್ಲ್ಯಾಟಿನವರ ಹತ್ತಿರ. ಇಳಿದು ಹೋಗುವಾಗ ವಾಚ್‌ಮನ್ ಹತ್ತಿರ. ರುಸ್ತಾಕಿನಲ್ಲಿ ನರ್ಸ್ ಆಗಿದ್ದ ಜೆಸಿಂತಾ ಊರಿಗೆ ಹೊರಟಾಗ ಅಷ್ಟು ದೂರ ಹೋಗಿ ಬಂದರು. ಅಲ್ಲಿಯ ಒಬ್ಬಳು ಒಮಾನಿ ಅಜ್ಜಿ ಬೇರೆ ಯಾರು ಸೂಜಿ ಹಿಡಿದರೂ ಕೈ ಕೊಡುವುದಿಲ್ಲ, ಜೆಸಿಂತಾ ರಜೆಯಲ್ಲಿದ್ದರೆ ಅವಳು ಬರುವ ತನಕ ಇಂಜೆಕ್ಷನ್ನೇ ಬೇಡ ಅನ್ನುತ್ತಾಳೆ ಎಂಬುದನ್ನು ತಿಳಿದುಕೊಂಡು ಬಂದರು. ಹಾಡಿನಲ್ಲಿ ಆ ಅಜ್ಜಿ ಬಂದಾಗ ಜೆಸಿಂತಾ ವೇದಿಕೆಯ ಮೇಲೆಯೇ ಅಳಲು ಶುರುಮಾಡಿದಳು.

ನಮ್ಮ ಪಕ್ಕದ ಮನೆಯ ಸುಧಾಕರಣ್ಣನ ಹತ್ತಿರ ಒಂದು ಹಳೇ ಕಾರಿತ್ತು. ಎ.ಸಿ. ಕೆಟ್ಟು ಎಷ್ಟೋ ಕಾಲವಾಗಿತ್ತು. ಆ ಬಿಸಿಲಿನಲ್ಲಿ ಆ ಕಾರಿನಲ್ಲಿ ಬೆವರಿಕೊಂಡು ಲಿಫ್ಟ್ ತೆಗೆದುಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರಿಗೆ ಬರೆದ ಹಾಡು ಹೀಗೆ ಶುರುವಾಗುತ್ತಿತ್ತು:

ಎ.ಸಿ. ಇಲ್ಲದ ಕಾರಿನಲ್ಲಿ ಊರನ್ನೆಲ್ಲ ಹೊತ್ತವನೇ
ಇಳಿದು ಹೋಗುವ ದಾರಿಯಲ್ಲಿ ಒಬ್ಬನೇ ಯಾಕೆ ಹೊರಟವನೇ

ದೊಡ್ಡ ಕಾವ್ಯವೇ? ಅಲ್ಲದಿರಬಹುದು. ಆದರೆ ಜಗತ್ತಿನಲ್ಲಿ ಇದನ್ನು ಸುಧಾಕರಣ್ಣನ ಬಗ್ಗೆ ಬಿಟ್ಟರೆ ಇನ್ನೊಬ್ಬನ ಬಗ್ಗೆ ಹಾಡಲು ಆಗುವುದಿಲ್ಲ. ಇಂಥ ಮನುಷ್ಯನಿಗೆ ನಮ್ಮವರು ಕಳಿಸಿದ ಮೆಸೇಜು ಮೇಲಿನದು.

ಮಾರನೆಯ ದಿನವೇ ನಾನು ಹಮ್ರಿಯಾಕ್ಕೆ ಹೋದೆ. ಮನೆ ತುಂಬ ಕಾರ್ಗೋದವರ ರಟ್ಟಿನ ಪೆಟ್ಟಿಗೆಗಳು. ಗ್ರೇಸಿ ಆಂಟಿ ಗಾಜಿನ ಲೋಟಗಳನ್ನು ಹಳೇ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅಂಕಲ್ ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದರು, ಬಹಳ ಸಿಟ್ಟಿನಿಂದ.

"ನಿನ್ನ ಗಂಡನಿಗೆ ಹೇಳು, ನಾನು ಬರೆಯುದಿಲ್ಲ" ಅಂದರು.

"ಬರೀಬೇಡಿ ಅಂತ ಹೇಳ್ಲಿಕ್ಕೇ ಬಂದದ್ದು ನಾನು" ಅಂದೆ.

ಟೇಪು ನಿಂತಿತು. ಪೆಟ್ಟಿಗೆಯ ಮೇಲೆಯೇ ಕೂತರು. ಆಮೇಲೆ ಹೇಳಿದರು: "ಒಬ್ಬೊಬ್ಬನ ಫೇರ್‌ವೆಲ್‌ನಲ್ಲಿ ಹಿಂದಿನ ಸಾಲಲ್ಲಿ ನಿಂತು ನೋಡ್ತಿದ್ದೆ ನಾನು. ಹಾಡಿನಲ್ಲಿ ಅವನ ಹೆಸರು ಬರುವಾಗ ಅವನ ಮುಖ ಹೇಗಾಗ್ತದೆ ಅಂತ. ನನ್ನ ದಿನ ಬಂದಾಗ ನನ್ನ ಮುಖ ಹೇಗಾಗ್ತದೋ ನೋಡುವ ಅಂತ ಒಂದು ಆಸೆ ಇತ್ತು. ಯಾರು ಬರೆದ್ರೂ ಸಾಕಿತ್ತು. ಕೆಟ್ಟದಾಗಿ ಬರೆದ್ರೂ ಆಗ್ತಿತ್ತು."

ಗ್ರೇಸಿ ಆಂಟಿ, "ಬಿಡಿ ನೀವು, ಇವಳಿಗೆ ಚಾ ಮಾಡ್ತೇನೆ" ಎಂದು ಒಳಗೆ ಹೋದರು. ಚಾ ಬರಲು ಬಹಳ ಹೊತ್ತಾಯಿತು.

ಮನೆಗೆ ಬಂದು ಇಡೀ ಮಾತನ್ನು ಗಂಡನಿಗೆ ಒಪ್ಪಿಸಿದೆ. ಅವರು ಕಮಿಟಿಗೆ ಒಪ್ಪಿಸಿದರು. ಕಮಿಟಿ ನಮ್ಮ ಹಾಲಿನಲ್ಲೇ ಸೇರಿತು. ಹಾಡು ಯಾರು ಬರೆಯುವುದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಏಕಕಾಲಕ್ಕೆ ಶವರ್ಮದ ಪೊಟ್ಟಣ ಬಿಚ್ಚತೊಡಗಿದರು. ನಮ್ಮವರ ಪೈಕಿ ಡಬಲ್ ಡಿಗ್ರಿ ಆದವರಿದ್ದಾರೆ, ಕನ್ನಡ ಉಳಿಸಿ ಎಂದು ಪ್ರತಿ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವವರಿದ್ದಾರೆ. ಸಿರಿಲ್ ಅಂಕಲ್ ಮನೆಯಲ್ಲಿ ಹಂದಿಮಾಂಸದ ಜೊತೆ ಇಡ್ಲಿಯಂಥ ಸನ್ನಾ ತಿಂದು ಕೈ ತೊಳೆಯದೆ ಮಾತಾಡಿದವರಂತೂ ಎಲ್ಲರೂ. ಒಂದು ಸಾಲು ಬರೆಯಲು ಯಾರಿಗೂ ಬರಲಿಲ್ಲ.

ಅಧ್ಯಕ್ಷರು ಮೊಬೈಲು ತೆಗೆದರು. "ಇದಕ್ಕೆಲ್ಲ ಈಗ ಆ್ಯಪ್ ಉಂಟಲ್ಲ ಮಾರಾಯ್ರೇ" ಅಂದರು. ಬರೆದು ಕೊಡುತ್ತದೆ, ರಾಗ ಹಾಕುತ್ತದೆ, ಹಾಡಿಯೂ ಬಿಡುತ್ತದೆ. ಸಿರಿಲ್, ಒಮಾನ್, ಬೀಳ್ಕೊಡುಗೆ, ಕನ್ನಡ, ಎಮೋಷನಲ್ ಎಂದು ಒತ್ತಿದರು. ಶವರ್ಮ ಮುಗಿಯುವ ಮೊದಲು ಹಾಡು ಬಂತು. ಪೂರ್ತಿ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಮೊದಲ ಸಾಲಿಗೇ, "ಸೂಪರ್, ಇದೇ ಫೈನಲ್, ಖಲಾಸ್" ಎಂದು ಎದ್ದರು.

ನೀನು ಬರೆಯುವವಳಲ್ಲವಾ, ನಿನಗೇನಾಗಿತ್ತು ಎಂದು ಕೇಳುತ್ತೀರಿ. ನೀವು ಹೀಗೆ ಕೇಳುವುದು ಗೊತ್ತಿತ್ತು ನನಗೆ. ಬರೆದೆ. ಗದ್ಯದವಳು ಹಾಡು ಬರೆದರೆ ಹೇಗಿರಬೇಕೋ ಹಾಗೇ ಇತ್ತು, ಆದರೂ ಬರೆದೆ. ಗಂಡನ ಕೈಗೆ ಕೊಟ್ಟೆ. "ಮ್ಯೂಸಿಕ್ ಸಮೇತ ರೆಡಿ ಇರುವಾಗ ಇದನ್ನು ಇನ್ನು ಯಾರು ಪ್ರಾಕ್ಟೀಸ್ ಮಾಡುದು?" ಎಂದರು. ಆ ಕಾಗದ ಫ್ರಿಜ್ಜಿನ ಮೇಲೆ ಹೋಯಿತು.

ಶುಕ್ರವಾರ ರೂವಿಯ ಒಂದು ಹೋಟೆಲಿನ ಹಾಲಿನಲ್ಲಿ ಕಾರ್ಯಕ್ರಮ. ಮುಖ್ಯ ಅತಿಥಿ ಯಾವುದೋ ಕಂಪೆನಿಯ ದೊಡ್ಡ ಮ್ಯಾನೇಜರು, ರಜೆಯ ದಿನಗಳಲ್ಲಿ ಮೋಟಿವೇಶನಲ್ ಸ್ಪೀಕರ್. ಊಟದ ಸ್ಪಾನ್ಸರ್ ಕೂಡ ಅವರೇ. ಹಾಗಾಗಿ ಅವರ ಕೈಯಿಂದ ಮೈಕು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೊರಟವರು ಹಾಡು ಬರೆಯುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಅದಕ್ಕೆ ತಕ್ಕ ವಿಷಯ ಎಂದು ಅವರು ಒಬ್ಬ ಅಮೆರಿಕನ್ ಗೀತರಚನೆಕಾರನ ಜೀವನ ಮತ್ತು ಸಾಧನೆಯ ಬಗ್ಗೆ ಸ್ಲೈಡು ಮಾಡಿಕೊಂಡು ಬಂದಿದ್ದರು. (ಹೆಸರು ಬರೆಯುವುದಿಲ್ಲ. ಆ ಪುಣ್ಯಾತ್ಮನದೇನೂ ತಪ್ಪಿಲ್ಲ, ತೀರಿಹೋಗಿ ಎಷ್ಟೋ ಕಾಲವಾಗಿದೆಯಂತೆ.)

ಒಂದು ತಾಸು. ಸಿರಿಲ್ ಅಂಕಲ್ ಶಾಲು ಹೊದ್ದುಕೊಂಡು ಮುಂದೆ ಕೂತಿದ್ದಾರೆ, ಪರದೆಯ ಮೇಲೆ ಅಮೆರಿಕದವನ ಅಪ್ಪನ ಲಾಂಡ್ರಿ ಬಂತು. ಲಾಂಡ್ರಿಯ ಮೇಲಿನ ಒಂದೇ ಕೋಣೆ ಬಂತು. ಹುಡುಗ ದೊಡ್ಡವನಾಗಿ ಹೋಟೆಲಿನಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ. ಹತ್ತುವವರು ಇಳಿಯುವವರು ಆಡುವ ಅರ್ಧರ್ಧ ಮಾತುಗಳನ್ನು ಕೇಳಿಸಿಕೊಂಡು ಹಾಡು ಮಾಡಿದ. ಯಾರೂ ತೆಗೆದುಕೊಳ್ಳಲಿಲ್ಲ, ಲಿಫ್ಟಿನ ಕೆಲಸವೂ ಹೋಯಿತು. ಆಮೇಲೆ ಒಂದು ಹಾಡು ಓಡಿತು, ಇಡೀ ದೇಶ ಮದುವೆಗಳಲ್ಲಿ ಹಾಡಿತು. ದೊಡ್ಡ ಮನೆ, ಈಜುಕೊಳ, ಎರಡನೇ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅವರ ಹೆಸರು, ಒಂದು ನಾಯಿ, ಅದರ ಹೆಸರು.

ಆತನ ಒಂದು ಹಾಡೂ ಆ ಹಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೂ ಲಿಫ್ಟಿನ ಕೆಲಸ ಹೋದಾಗ ಹೆಂಗಸರು ಅಯ್ಯೋ ಪಾಪ ಅಂದರು. ಕೊನೆಯಲ್ಲಿ ಆತ ಸತ್ತ ದಿನ ರೇಡಿಯೋಗಳೆಲ್ಲ ಅವನದೇ ಹಾಡು ಹಾಕಿದವು ಎಂದಾಗ ನಮ್ಮ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವನ ಸೀಕ್ರೆಟ್ ಏನು ಗೊತ್ತಾ?" ಎಂದು ಮುಖ್ಯ ಅತಿಥಿಗಳು ಕೇಳಿದರು. "ಲಿಸನಿಂಗ್. ಅವನು ಜನರ ಮಾತು ಕೇಳಿಸಿಕೊಂಡ."

ಹಾಲಿನವರು ತಲೆಯಾಡಿಸಿದರು. ಕೇಳಿಸಿಕೊಳ್ಳುವುದು ಎಂಥ ದೊಡ್ಡ ಗುಣ ನೋಡಿ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇಡೀ ಮಸ್ಕತ್ತನ್ನು ಕೇಳಿಸಿಕೊಂಡ ಒಬ್ಬರು ಅವರ ಕಣ್ಣೆದುರೇ ಕೂತಿದ್ದರು. ಆದರೆ ಅವರ ಹತ್ತಿರ ಈಜುಕೊಳ ಇರಲಿಲ್ಲವಲ್ಲ.

ಇಳಿಯುವ ಮೊದಲು ಅತಿಥಿಗಳು ಸಿರಿಲ್ ಅಂಕಲ್ ಕಡೆ ತಿರುಗಿದರು. "ಸರ್, ನೀವು ಕೂಡ ಸ್ವಲ್ಪ ಬರೀತೀರಂತೆ. ರಿಟೈರ್ ಆದ ಮೇಲೆ ಸೀರಿಯಸ್ ಆಗಿ ತಗೊಳ್ಳಿ. ಇಟ್ಸ್ ನೆವರ್ ಟೂ ಲೇಟ್."

"ಆಗ್ಲಿ ಸರ್, ಪ್ರಯತ್ನ ಮಾಡ್ತೇನೆ" ಅಂದರು ಅಂಕಲ್.

ಆಮೇಲೆ ದೀಪ ಸಣ್ಣ ಮಾಡಿ ಹಾಡು ಹಾಕಿದರು. ವೇದಿಕೆಯ ಮೇಲೆ ಹಾಡುವವರು ಯಾರೂ ಇಲ್ಲ. ಪರದೆಯ ಮೇಲೆ ಫೋಟೋಗಳು. ಸಿರಿಲ್ ಅಂಕಲ್ ಒಬ್ಬರದೇ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಬೇರೆಯವರ ಫೇರ್‌ವೆಲ್‌ಗಳ ಫೋಟೋಗಳನ್ನೇ ಹುಡುಕಿ ಹಾಕಿದ್ದರು. ಅವುಗಳಲ್ಲಿ ಅವರು ಒಂದು ತುದಿಯಲ್ಲಿ ಕಾಗದ ಹಿಡಿದು ನಿಂತಿದ್ದಾರೆ, ಅರ್ಧ ಭುಜ ಚೌಕಟ್ಟಿನ ಹೊರಗೆ. ಸ್ಪೀಕರಿನಿಂದ ಎಲ್ಲಿಯೂ ಹುಟ್ಟದ, ಯಾರಿಗೂ ಮಗಳಲ್ಲದ ಒಬ್ಬಳು ಬಹಳ ಇಂಪಾಗಿ ಹಾಡಿದಳು:

ನದಿಯಂತೆ ಹರಿದು ಬಂದೆ, ದೀಪದಂತೆ ಬೆಳಗಿ ನಿಂದೆ
ಮಕ್ಕಳು ಮೊಮ್ಮಕ್ಕಳು ಕಾದಿಹರು, ಮರಳಿ ಬಾ ಓ ತಂದೆ

ನಾನು ಗ್ರೇಸಿ ಆಂಟಿಯನ್ನು ನೋಡಿದೆ. ಅವರು ಹಣ್ಣಿನ ಬುಟ್ಟಿಗೆ ಸುತ್ತಿದ್ದ ಹೊಳೆಯುವ ಕಾಗದದ ಅಂಚನ್ನು ಸರಿಮಾಡುತ್ತಿದ್ದರು. ಹಾಡು ಮುಗಿಯುವ ತನಕ ಅದನ್ನೇ ಸರಿಮಾಡಿದರು.

ಮೆಷಿನ್ನಿಗೆ ಗೊತ್ತಿಲ್ಲ, ಒಪ್ಪೋಣ. ಅದಕ್ಕೆ ಯಾರೂ ಹೇಳಲಿಲ್ಲ. ನಮಗೆ? ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋಗುವ ಮನೆಗಳ ಮಕ್ಕಳೆಲ್ಲ ಬೆಳೆದದ್ದು ಗ್ರೇಸಿ ಆಂಟಿಯ ಮಡಿಲಲ್ಲಿ. ನನ್ನ ಮಗಳು ಮೊದಲು ಪತ್ರೊಡೆ ತಿಂದದ್ದು ಅವರ ಕೈಯಿಂದ. ಇವರಿಗೆ ಮಕ್ಕಳಿಲ್ಲ ಎಂಬುದು ನಮಗೆ ಗೊತ್ತಿದ್ದದ್ದು ಮಾತ್ರವಲ್ಲ, ನಮಗೆ ಅನುಕೂಲವೂ ಆಗಿತ್ತು. ಆ ಸಾಲು ಬಂದಾಗ ಹಾಲಿನಲ್ಲಿ ಯಾರಾದರೂ ಬೆಚ್ಚಿಬಿದ್ದರೇ? ಇಲ್ಲ. ಚಪ್ಪಾಳೆ ತಟ್ಟಿದರು. ಪಲ್ಲವಿಗೆ ತಾಳ ಕೂಡ ಹಾಕಿದರು.

ನನ್ನ ಗಂಡನ ಕೈ ಮಾತ್ರ ಅರ್ಧದಲ್ಲಿ ನಿಂತಿತು. ತಡವಾಗಿ, ಆದರೂ ನಿಂತಿತು. ಅಷ್ಟರ ಮಟ್ಟಿಗೆ ಅವರಿಗೆ ರಿಯಾಯಿತಿ ಕೊಡುತ್ತೇನೆ.

ಕೊನೆಗೆ ಸಿರಿಲ್ ಅಂಕಲ್‌ಗೆ ಎರಡು ಮಾತಾಡಲು ಮೈಕು ಕೊಟ್ಟರು. "ಊಟ ತಣ್ಣಗಾಗ್ತದೆ, ಸ್ವಲ್ಪ ಬೇಗ ಅಂಕಲ್" ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅಂಕಲ್ ಹೇಳಿದರು: "ಹಾಡು ಚೆನ್ನಾಗಿತ್ತು. ಆ ಹಾಡಿನಲ್ಲಿ ಇರುವ ಸಿರಿಲ್‌ಗೆ ನನ್ನ ನಮಸ್ಕಾರ ಹೇಳಿ. ಅವನಿಗೆ ಮೊಮ್ಮಕ್ಕಳೂ ಇದ್ದಾರಂತೆ. ಪುಣ್ಯವಂತ."

ಎಲ್ಲರೂ ನಕ್ಕರು. ಜೋಕು ಅಂದುಕೊಂಡರು ನೋಡಿ. ನಕ್ಕು ಊಟದ ಸಾಲಿಗೆ ಓಡಿದರು, ಬಿರಿಯಾನಿಯಲ್ಲಿ ಪೀಸು ಖಾಲಿಯಾಗುವ ಮೊದಲು.

ಪ್ಲೇಟು ಹಿಡಿದು ನಾನು ಸಿರಿಲ್ ಅಂಕಲ್ ಪಕ್ಕ ಕೂತೆ. ಅವರೇ ಶುರುಮಾಡಿದರು. "ಆ ಅಮೆರಿಕದವನ ನಾಯಿಯ ಹೆಸರು ಸಮೇತ ಕರೆಕ್ಟಾಗಿ ಹೇಳಿದ್ರು ಅಲ್ವಾ ಶೋಭಾ? ಮಕ್ಕಳು ಎಷ್ಟು ಅಂತಲೂ ಹೇಳಿದ್ರು. ಅವನ ಬಗ್ಗೆ ಯಾರೋ ಕೂತು ವಿಚಾರಿಸಿದ್ದಾರೆ."

ಅವರು ಹೊರಟ ದಿನ ಏರ್‌ಪೋರ್ಟಿಗೆ ನಮ್ಮ ಕಾರಿನಲ್ಲೇ ಹೋದದ್ದು. ನಾನು ಫ್ರಿಜ್ಜಿನ ಮೇಲಿದ್ದ ಕಾಗದ ತೆಗೆದು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಅವರು ಟ್ರಾಲಿಗೆ ಪೆಟ್ಟಿಗೆ ಏರಿಸಿ ನಿಂತಾಗ ಅಂಕಲ್ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಮೊದಲ ಎರಡು ಸಾಲು ಹೀಗಿದ್ದವು:

ಎಲ್ಲರನ್ನೂ ಕಳಿಸಿಕೊಟ್ಟು ಬಾಗಿಲಲ್ಲಿ ನಿಂತವರೇ
ಹಾಡನೆಲ್ಲ ಹಂಚಿಬಿಟ್ಟು ಬರಿಗೈಯಲ್ಲಿ ಹೊರಟವರೇ

"ಬಾಗಿಲಲ್ಲಿ ಅಂತ ಯಾಕೆ ಹಾಕಿದ್ದು?" ಎಂದು ಜೋರು ಮಾಡಿದರು. "ನಾವು ಯಾರನ್ನೂ ಬಾಗಿಲ ತನಕ ಕಳಿಸಿ ಒಳಗೆ ಬಂದವರಲ್ಲ. ಏರ್‌ಪೋರ್ಟ್ ತನಕ ಹೋದವರು. ಮತ್ತೆ ಈ ಬರಿಗೈಯಲ್ಲಿ ಅನ್ನುದು ತಾಳಕ್ಕೆ ಕೂರುದಿಲ್ಲ. ಪೆನ್ ಉಂಟಾ?"

ಪೆನ್ ಕೊಟ್ಟೆ. ಟ್ರಾಲಿಯ ಸೂಟ್‌ಕೇಸಿನ ಮೇಲೆ ಕಾಗದ ಇಟ್ಟುಕೊಂಡು ತಿದ್ದತೊಡಗಿದರು. ಹಿಂದೆ ಜನ ಅವಸರ ಮಾಡುತ್ತಿದ್ದರು. ಬರೆಯುತ್ತ ಬರೆಯುತ್ತ ಅವರ ಕೈ ನಿಧಾನವಾಯಿತು. ಆಮೇಲೆ ಬರೆಯುವುದನ್ನು ಬಿಟ್ಟು ಸುಮ್ಮನೆ ಓದಿದರು, ಮೊದಲಿನಿಂದ ಕೊನೆಯ ತನಕ. ಬೇರೆಯವರ ಮುಖ ಹೇಗಾಗುತ್ತದೆ ಎಂದು ನೋಡುತ್ತಿದ್ದ ಮನುಷ್ಯನ ಮುಖ ಹೇಗಾಯಿತು ಎಂದು ನಾನು ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

"ಸಾಧಾರಣ ಉಂಟು" ಅಂದರು. ಕಾಗದ ಮಡಚಿ ಗ್ರೇಸಿ ಆಂಟಿಗೆ ಕೊಟ್ಟು, "ಪಾಸ್‌ಪೋರ್ಟಿನ ಒಟ್ಟಿಗೆ ಇಡು" ಎಂದರು. ಆಂಟಿ ನನ್ನ ಕೆನ್ನೆ ಮುಟ್ಟಿ ಒಳಗೆ ನಡೆದರು.

ಹಿಂದೆ ಬರುವಾಗ ಕಾರಿನಲ್ಲಿ ನಮ್ಮವರ ಮೊಬೈಲು ಸದ್ದು ಮಾಡಿತು, ನಾನು ತೆಗೆದು ನೋಡಿದೆ. ಸಂಘದ ಗ್ರೂಪು, ಇವರೂ ಅದರ ಅಡ್ಮಿನ್. ಯಾರಾದರೂ ಖಾಯಂ ಊರಿಗೆ ಹೋದರೆ ಮರುದಿನ ಅವರನ್ನು ಗ್ರೂಪಿನಿಂದ ತೆಗೆಯುವುದು ನಮ್ಮ ಇನ್ನೊಂದು ಪದ್ಧತಿ. ಅಧ್ಯಕ್ಷರು ಬರೆದಿದ್ದರು: "ಸಿರಿಲ್ ಅಂಕಲ್ ಅವರನ್ನು ದಯವಿಟ್ಟು ರಿಮೂವ್ ಮಾಡಬೇಡಿ. ಮುಂದಿನ ಫೇರ್‌ವೆಲ್‌ಗಳಿಗೆ ಹಾಡು ಬೇಕಾಗುತ್ತದೆ. ಊರಿನಿಂದಲೂ ಬರೆದು ಕಳಿಸಬಹುದು." ಕೆಳಗೆ ಸಾಲಾಗಿ ಹೆಬ್ಬೆರಳುಗಳು ಎದ್ದು ನಿಂತವು.

ಆ ಹೆಬ್ಬೆರಳುಗಳ ಕೆಳಗೆ ಬೂದು ಬಣ್ಣದ ಒಂದು ಸಣ್ಣ ಸಾಲು ಬಂತು. ಸಿರಿಲ್ ಅಂಕಲ್ ಗ್ರೂಪಿನಿಂದ ತಾವಾಗಿಯೇ ಹೊರಗೆ ಹೋಗಿದ್ದರು. ವಿಮಾನ ಇನ್ನೂ ನೆಲದ ಮೇಲಿತ್ತು.

ನಾನು ಅದನ್ನು ಗಂಡನಿಗೆ ಓದಿ ಹೇಳಿದೆ. ಅವರ ಕಂಪೆನಿಯಲ್ಲಿ ಈಗಾಗಲೇ ಹೇಳಿಬಿಟ್ಟಿದ್ದಾರೆ, ಬರುವ ವರ್ಷ ಅವರ ಜಾಗಕ್ಕೆ ಇಲ್ಲಿಯವರೇ, ಒಮಾನಿಗಳೇ ಬರುತ್ತಾರೆ. ನಮ್ಮದೂ ರಟ್ಟಿನ ಪೆಟ್ಟಿಗೆಗಳ ದಿನ ದೂರವಿಲ್ಲ.

"ಹಾಗಾದ್ರೆ ನಮ್ಮ ಫೇರ್‌ವೆಲ್‌ಗೆ ಹಾಡು ಯಾರು ಬರೀತಾರೆ?" ಎಂದು ಬಹಳ ಮೆಲ್ಲಗೆ ಕೇಳಿದರು.

"ಅದಕ್ಕೆಂತ ಚಿಂತೆ?" ಅಂದೆ ನಾನು. "ನಿಮ್ಮ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮಾರಾಯ್ರೇ?"